ಕಂಬಳಿಯ ಕಾವಲು

ನಾಯಿಯ ಮುಂಗಾಲೆರಡನ್ನು ಪಿಕಪ್ ಗಾಡಿಯ ಅಂಚಿಗೆ ಎತ್ತಿಡುವಷ್ಟರಲ್ಲಿ ಇಬ್ಬರಿಗೂ ಬೆವರು ಕಿತ್ತುಬಂದಿತ್ತು. ಹುಲಿಗೆಪ್ಪ ಎದೆಯ ಕೆಳಗೆ ಕೈ ಹಾಕಿ ಹಿಡಿದಿದ್ದ. ಅವನ ಅಕ್ಕನ ಮಗ ಪಂಪಾಪತಿ ಹಿಂದಿನಿಂದ ಹೆಗಲು ಕೊಟ್ಟಿದ್ದ. ಇನ್ನೇನು ಆಯಿತು ಎನ್ನುವಾಗ ಸರದಾರ ಮೈ ಸಡಿಲ ಬಿಟ್ಟು, ಜೋಳದ ಚೀಲದ ಹಾಗೆ ಜಾರಿ ನೆಲಕ್ಕೆ ಬಂದು, ಬೇವಿನ ಗಿಡದ ಬುಡಕ್ಕೆ ಹೋಗಿ ಮಲಗಿತು. ಗುರ್ ಅನ್ನಲಿಲ್ಲ, ಹಲ್ಲು ತೋರಿಸಲಿಲ್ಲ. ಬರುವುದಿಲ್ಲ, ಅಷ್ಟೇ.

"ಇದು ನಾಯಿ ಅಲ್ಲ ಮಾವ, ಬೇರು ಬಿಟ್ಟ ಗಿಡ ಐತಿ" ಎಂದು ಪಂಪಾಪತಿ ಸೊಂಟ ಹಿಡಿದುಕೊಂಡ.

ಕರುವಿನಷ್ಟು ಎತ್ತರದ ಕುರಿನಾಯಿ ಅದು. ಗಾಡಿ ಕಂಡರೆ ದೂರ ಸರಿಯಲು ಅದಕ್ಕೆ ಕಾರಣವಿತ್ತು. ಯುಗಾದಿಗೆ ಮುಂಚೆ ಇಂಥದೇ ಗಾಡಿಯೊಂದು ಬಂದು ಹುಲಿಗೆಪ್ಪನ ಅರವತ್ತು ಕುರಿಗಳನ್ನು ಮೂರು ಸಲಕ್ಕೆ ಒಯ್ದಿತ್ತು. ಮೂರು ಸಲವೂ ಸರದಾರ ಕುಷ್ಟಗಿ ರಸ್ತೆಯವರೆಗೆ ಗಾಡಿಯ ಹಿಂದೆ ಓಡಿ, ಒಂಟಿಯಾಗಿ ತಿರುಗಿ ಬಂದಿತ್ತು. ಹುಲಿಗೆಪ್ಪ ಬೇಕಂತ ಮಾರಿದ್ದಲ್ಲ. ಮೊಣಕಾಲು ಸವೆದಿತ್ತು, ಮೇಯಿಸುವ ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನುಗಳು ಎದ್ದಿದ್ದವು. ಅದೇ ಫ್ಯಾನಿನ ಕಂಪನಿಯಲ್ಲಿ ಹಗಲು ಕಾವಲಿನ ಕೆಲಸ ಹಿಡಿದ. ನೀಲಿ ಅಂಗಿ ಕೊಟ್ಟರು. ಅದರ ಮೇಲೂ ಅವನು ಹೆಗಲ ಕಂಬಳಿ ಬಿಡಲಿಲ್ಲ.

ಅವನಿಗೆ ಕೆಲಸ ಸಿಕ್ಕಿತು, ನಾಯಿಯ ಕೆಲಸ ಹೋಯಿತು. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ಸರದಾರ ದಿನಾ ಸಂಜೆ ಓಣಿಯ ಆಡುಗಳನ್ನೆಲ್ಲ ಅಟ್ಟಿಕೊಂಡು ಬಂದು ಹುಲಿಗೆಪ್ಪನ ಖಾಲಿ ದೊಡ್ಡಿಯಲ್ಲಿ ಕೂಡಿಹಾಕಿ, ಬಾಗಿಲಿಗೆ ಅಡ್ಡ ಮಲಗತೊಡಗಿತು. ಮೊದಮೊದಲು ಓಣಿ ನಕ್ಕಿತು. ಆಮೇಲೆ ಆಡಿನವರು ತಮ್ಮ ಆಡು ಬಿಡಿಸಿಕೊಳ್ಳಲು ಹುಲಿಗೆಪ್ಪ ಬರುವವರೆಗೆ ಕಾಯಬೇಕಾಗಿ, ನಗು ನಿಂತಿತು. ಹೋದ ವಾರ ಯಾರೋ ಅವನ ಹೆಂಡತಿ ಹಂಪವ್ವನ ಕಿವಿಗೆ ಬೀಳುವಂತೆ, ರೊಟ್ಟಿಯಲ್ಲಿ ಔಷಧ ಇಟ್ಟರಾಯಿತು ಎಂದರು. ಮರುದಿನ ಓಣಿಯ ಇನ್ನೊಂದು ನಾಯಿ ಬಾಯಲ್ಲಿ ನೊರೆ ಬಂದು ಸತ್ತಿತು. ಹುಲಿಗೆಪ್ಪ ಅವತ್ತೇ ಬೇವೂರಿಗೆ ಫೋನ್ ಮಾಡಿದ. ಪಂಪಾಪತಿಗೆ ಅಲ್ಲಿ ಎಂಬತ್ತು ಕುರಿ ಇದ್ದವು, ತೋಳದ ಕಾಟವೂ ಇತ್ತು. ಒಳ್ಳೆಯ ನಾಯಿ ಬೇಕಾಗಿತ್ತು.

ಬೆಳಗಿನಿಂದ ಹಗ್ಗ ಹಾಕಿ ಎಳೆದದ್ದಾಯಿತು, ಎಲುಬು ತೋರಿಸಿದ್ದಾಯಿತು. ಹಲಗೆಯೊಂದನ್ನು ಇಳಿಜಾರಾಗಿ ಇಟ್ಟರೆ ಸರದಾರ ಅದರ ನೆರಳಿಗೆ ಹೋಗಿ ಕುಳಿತಿತು. ಕಟ್ಟೆಯ ಮೇಲಿದ್ದವರು ತಲೆಗೊಂದು ಉಪಾಯ ಹೇಳಿದರು. ಒಬ್ಬರೂ ಎದ್ದು ಬರಲಿಲ್ಲ.

ಹಂಪವ್ವ ನೀರಿನ ಚರಿಗೆ ತಂದಿಟ್ಟು ಗಂಡನ ಮುಖ ನೋಡಿದಳು. "ಕಂಬಳಿ ಗಾಡ್ಯಾಗ ಹಾಸ್ರಿ. ತಾನ ಏರ್ತೈತಿ."

ಹುಲಿಗೆಪ್ಪನಿಗೆ ಅದು ಹೊಳೆಯದ ಮಾತೇನಲ್ಲ. ಬೆಳಗಿನಿಂದ ಗೊತ್ತಿತ್ತು, ಗೊತ್ತಿದ್ದೇ ಹಗ್ಗ ಎಳೆಯುತ್ತಿದ್ದ. ಕುರಿ ಕಾಯುವ ದಿನಗಳಲ್ಲಿ ಅವನು ಬುತ್ತಿ ಬಿಚ್ಚಿ, ಕಂಬಳಿ ಹಾಸಿ, 'ಇಲ್ಲಿರು' ಎಂದು ಹೇಳಿ ಬಾವಿಗೋ ಊರಿಗೋ ಹೋದರೆ, ಬಂದು ಕಂಬಳಿ ಎತ್ತುವವರೆಗೆ ಸರದಾರ ಕದಲುತ್ತಿರಲಿಲ್ಲ. ಒಮ್ಮೆ ಯಲಬುರ್ಗಾ ಸಂತೆಗೆ ಹೋದವನು ಜ್ವರ ಬಂದು ಅಲ್ಲೇ ಉಳಿದ. ಮರುದಿನ ಮಧ್ಯಾಹ್ನ ಬಂದಾಗ ನಾಯಿ ನಾಲಿಗೆ ಒಣಗಿಸಿಕೊಂಡು ಕಂಬಳಿಯ ಮೇಲೇ ಇತ್ತು. ಆರು ವರ್ಷದಲ್ಲಿ ಅವನು ಬಾರದೆ ಇದ್ದದ್ದು ಒಂದು ಸಲವೂ ಇಲ್ಲ.

"ಕಂಬಳಿ ಹಾಸಿದ್ರ ನಾ ತಿರುಗಿ ಬರ್ತೀನಿ ಅಂದಂಗ. ಅದಕ್ಕ ಸುಳ್ಳ ಹೇಳ್ಲೇನು?"

"ಔಷಧದ ರೊಟ್ಟಿ ತಿಂದು ಸತ್ರ ನಿಮ್ಮ ಖರೇ ಮಾತು ಅದನ್ನ ಎಬ್ಬಸ್ತೈತೇನ್ರಿ?"

ಹುಲಿಗೆಪ್ಪ ಹೆಗಲಿನಿಂದ ಕಂಬಳಿ ತೆಗೆದು ಗಾಡಿಯಲ್ಲಿ ಹಾಸಿದ. 'ಇಲ್ಲಿರು' ಎಂದ. ಅಷ್ಟೇ ಸಾಕಾಯಿತು. ಸರದಾರ ಬೇವಿನ ಬುಡದಿಂದ ಎದ್ದು ಬಂದು, ಒಂದೇ ನೆಗೆತಕ್ಕೆ ಗಾಡಿ ಏರಿ, ಕಂಬಳಿಯ ನಡುವೆ ಕುಳಿತು ರಸ್ತೆಯ ಕಡೆ ಮುಖ ಮಾಡಿತು. ಕಟ್ಟೆಯವರು ಗೊಳ್ಳೆಂದು ನಕ್ಕರು. ಪಂಪಾಪತಿ ಹಿಂಬಾಗಿಲು ಹಾಕಿದ. ಗಾಡಿ ಹೊರಟಾಗ ನಾಯಿ ಬೊಗಳಲಿಲ್ಲ, ಅಂಜಲೂ ಇಲ್ಲ. ಒದ್ದಾಡಿದ್ದರೆ ಚೆನ್ನಾಗಿತ್ತು ಅನ್ನಿಸಿತು ಹುಲಿಗೆಪ್ಪನಿಗೆ. ಆ ರಾತ್ರಿ ಹಂಪವ್ವ ಹೊದೆಯಲು ಕೌದಿ ಕೊಟ್ಟಳು. ಅವನಿಗೆ ನಿದ್ದೆ ಹತ್ತಲಿಲ್ಲ.

ಮೂರನೆಯ ದಿನ ಪಂಪಾಪತಿಯ ಫೋನ್ ಬಂತು. ನಾಯಿ ಗಾಡಿಯಿಂದ ಇಳಿದಿಲ್ಲವಂತೆ. ನೀರು ಮುಟ್ಟುತ್ತದೆ, ರೊಟ್ಟಿ ಮೂಸಿ ಬಿಡುತ್ತದೆ. ಕಂಬಳಿಗೆ ಕೈ ಹಾಕಿದರೆ ಹಲ್ಲು ತೋರಿಸುತ್ತದೆ.

"ಉಳ್ಳಾಗಡ್ಡಿ ಹೇರಬೇಕು ಮಾವ, ಗಾಡಿ ನಂದೋ ಅದರದೋ ತಿಳೀವಲ್ದು. ನೀನ ಬಾ."

ಹುಲಿಗೆಪ್ಪ ಸೂಪರ್‌ವೈಸರನಿಗೆ ಹೇಳಿ, ನೀಲಿ ಅಂಗಿಯಲ್ಲೇ ಬಸ್ಸು ಹತ್ತಿದ. ಬೇವೂರಿನಲ್ಲಿ ಅವನನ್ನು ಕಂಡು ಸರದಾರ ಎದ್ದು ನಿಂತಿತು. ಬಾಲ ಗಾಡಿಯ ತಗಡಿಗೆ ಬಡಬಡ ಬಡಿಯಿತು. ಆದರೂ ಇಳಿಯಲಿಲ್ಲ. ಅವನು ಕಂಬಳಿ ಎತ್ತಿ ಕೊಡವಿ ಹೆಗಲಿಗೆ ಹಾಕಿಕೊಂಡ ಮೇಲೆಯೇ ಕೆಳಗೆ ನೆಗೆದು ಅವನ ಕಾಲಿಗೆ ಮೈ ತಿಕ್ಕಿತು. ತಡವಾಯಿತೆಂಬ ಮುನಿಸೂ ಇರಲಿಲ್ಲ. ಅದರ ಪಾಲಿಗೆ ಅವನು ಬರುವವನೇ ಇದ್ದ, ಬಂದ. ಹುಲಿಗೆಪ್ಪನ ಕಣ್ಣಲ್ಲಿ ನೀರು ಬಂತು. ಅಳಿಯ ನೋಡದ ಹಾಗೆ ಒರೆಸಿಕೊಂಡ.

ಅವತ್ತು ಅವನು ಪಂಪಾಪತಿಯ ಜತೆ ಕುಂಟುತ್ತಲೇ ಕುರಿಗಳ ಹಿಂದೆ ಹೋದ. ಹಿಂಡು ಕಂಡ ಸರದಾರ ಯಾರಿಂದಲೂ ಹೇಳಿಸಿಕೊಳ್ಳಲಿಲ್ಲ. ಸುತ್ತಲೂ ಒಂದು ಬಾರಿ ಓಡಿ ಬಂದು, ಕಡಲೆ ಹೊಲಕ್ಕೆ ಬಾಯಿ ಹಾಕಲು ಹೊರಟಿದ್ದ ಟಗರನ್ನು ತಿರುಗಿಸಿತು. ಹೊತ್ತು ಇಳಿಯುವಾಗ ಹುಲಿಗೆಪ್ಪ ಕಂಬಳಿಯನ್ನು ತೆಗೆದು ಪಂಪಾಪತಿಯ ಹೆಗಲಿಗೆ ಹಾಕಿದ.

"ಇನ್ನ ಮ್ಯಾಲೆ ನೀ ಹಾಸು" ಎಂದ. "ಹಾಸಿ ಹೋದಿ ಅಂದ್ರ ಮಾತ್ರ, ಏನ ಆಗ್ಲಿ, ತಿರುಗಿ ಬರಬೇಕು."

ಪಂಪಾಪತಿ ತಲೆಯಾಡಿಸಿದ. ಸರದಾರ ಹುಲಿಗೆಪ್ಪನನ್ನು ನೋಡಿತು, ಕಂಬಳಿಯನ್ನು ನೋಡಿತು. ಅವನು ರಸ್ತೆಯ ಕಡೆ ನಡೆದಾಗ ನಾಲ್ಕು ಹೆಜ್ಜೆ ಹಿಂದೆ ಬಂದು, ನಿಂತಿತು.

ಕುಷ್ಟಗಿ ಬಸ್ಸಿನ ಕಿಟಕಿ ಮುಚ್ಚಲು ಬರುತ್ತಿರಲಿಲ್ಲ. ಊರು ದಾಟುತ್ತಲೇ ಥಂಡಿ ಗಾಳಿ ಒಳಗೆ ನುಗ್ಗಿತು. ಕಂಬಳಿ ಎಳೆದುಕೊಳ್ಳಲೆಂದು ಹುಲಿಗೆಪ್ಪನ ಕೈ ತಾನಾಗಿ ಹೆಗಲಿಗೆ ಹೋಯಿತು. ನೀಲಿ ಅಂಗಿಗೆ ಅಂಟಿದ್ದ ನಾಯಿಯ ಕೂದಲು ಬೆರಳಿಗೆ ಸಿಕ್ಕವು.