ಬಿಲ್ವದ ಕುಂಡಕ್ಕೆ ಅರ್ಥಿಂಗ್

ಬೇಗೂರಿನ ನಮ್ಮ ಮನೆಯ ಹಿಂದೆ ನನ್ನ ಮರಗೆಲಸದ ಶೆಡ್ಡಿದೆ. ಮನೆಯಿಂದ ಅಲ್ಲಿಗೆ ಕರೆಂಟ್ ಎಳೆಸು, ಅರ್ಥಿಂಗ್‌ಗೆ ಗುಂಡಿ ತೋಡಿಸು ಎಂದು ಗಂಡ ಮಲ್ಲಿಕ್‌ಗೆ ಹೇಳಿ ನಾನು ತವರಿಗೆ ಹೋಗಿದ್ದೆ. ಬರುವಷ್ಟರಲ್ಲಿ ಸ್ವಿಚ್ ಬೋರ್ಡಿಗೆ ವಿಭೂತಿ ಬಳಿದು ಪೂಜೆಯೂ ಮುಗಿದಿತ್ತು.

ಬೆಳಿಗ್ಗೆ ಗರಗಸದ ಯಂತ್ರ ಚಾಲೂ ಮಾಡಿದೆ. ಹೊರಗೆ ಬಿಲ್ವದ ಕುಂಡಕ್ಕೆ ನೀರು ಹಾಕುತ್ತಿದ್ದ ಅತ್ತೆ ಸಿದ್ದಮ್ಮ ಚೀರಿಕೊಂಡರು. ಯಂತ್ರ ನಿಲ್ಲಿಸಿ ಓಡಿದೆ. ತಾಮ್ರದ ಚೊಂಬು ಕೆಳಗೆ ಉರುಳಿತ್ತು. ಶೆಡ್ಡಿನ ಅರ್ಥಿಂಗ್ ತಂತಿಯನ್ನು ಆ ಸಿಮೆಂಟ್ ಕುಂಡದ ಮಣ್ಣಿನಲ್ಲಿ ಹೂತಿದ್ದರು. ಯಂತ್ರದಿಂದ ಸೋರಿದ ಕರೆಂಟು ನೆಲಕ್ಕಿಳಿಯದೆ ಅತ್ತೆಯ ಕೈಗೆ ಬಂದಿತ್ತು.

"ಗುಂಡಿ ತೋಡೋಕೆ ಹೊಸ ಗ್ರಾನೈಟ್ ಒಡೀಬೇಕಿತ್ತು ಕಣೇ" ಅಂದ ಮಲ್ಲಿಕ್. "ಎಲೆಕ್ಟ್ರೀಷಿಯನ್ ಬೇಡ ಅಂದ್ರೂ ನಾನೇ ಇಲ್ಲಿ ಹಾಕಿಸ್ದೆ. ಮಣ್ಣು ಮಣ್ಣೇ ತಾನೆ?"

ಅಂಗಳದ ಹೊಳಪಿಗಾಗಿ ಹೆತ್ತ ತಾಯಿಯನ್ನೇ ತಂತಿಯ ತುದಿಗೆ ನಿಲ್ಲಿಸಿದವನ ಮುಖ ನೋಡಲು ಅಸಹ್ಯವಾಯಿತು.

"ಮೊದ್ಲು ಆ ತಂತಿ ಅಲ್ಲಿಂದ ತೆಗ್ಸು" ಎಂದೆ.

ಅವನು ಕುಂಡದ ಕಡೆ ತಿರುಗಿ ಗಲ್ಲ ಗಲ್ಲ ಬಡಿದುಕೊಂಡ.

"ತಪ್ಪಾಯ್ತು. ಪೂಜೆ ಮಾಡೋ ಗಿಡಕ್ಕೆ ಹಾಕಿಸ್ಬಾರ್ದಿತ್ತು. ನಾಳೇನೇ ಕರಿಬೇವಿನ ಕುಂಡಕ್ಕೆ ಹಾಕಿಸ್ತೀನಿ."