ಫಲಿತಾಂಶಕ್ಕೂ ಮೊದಲಿನ ಮೊಟ್ಟೆ

ನೆಲಿದಾ ಅತ್ತೆ ಒಡೆದ ಮೊಟ್ಟೆ ಯಮಿಲಾಳ ನೆತ್ತಿಯಿಂದ ಇಳಿದು ಕನ್ನಡಕದ ಮೇಲೆ ನಿಂತಿತು. ಹಿಂದೆಯೇ ಮಾವ ಒಂದು ಬೊಗಸೆ ಮೈದಾ ಎರಚಿದ. ವಿಶ್ವವಿದ್ಯಾಲಯದ ಕಾರಿಡಾರಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

"ಅಯ್ಯೋ ಅತ್ತೆ, ನಾನಿನ್ನೂ ಪಾಸಾಗಿಲ್ಲ! ಪರೀಕ್ಷಕರು ಮಾತಾಡ್ಕೋಬೇಕು ಅಂತ ನನ್ನ ಆಚೆ ಕಳ್ಸಿರೋದು!"

ಕೊರ್ದೋಬಾ ನಗರದಲ್ಲಿ ಡಿಗ್ರಿ ಸಿಕ್ಕವರಿಗೆ ಮೊಟ್ಟೆ, ಹಿಟ್ಟು ಮೆತ್ತದೆ ಯಾರೂ ಮನೆಗೆ ಕರೆದೊಯ್ಯುವುದಿಲ್ಲ, ನಿಜ. ಆದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ಈ ಅತ್ತೆಯ ಹುಟ್ಟುಗುಣ. "ಬಾಗಿಲು ತೆಗೀತು, ನೀನು ಬಂದೆ. ನನಗೇನು ಕನಸು ಬಿದ್ದಿತ್ತಾ?" ಎಂದು ಅವಳ ಮೇಲೆಯೇ ರೇಗಿದಳು.

ಯಮಿಲಾಳಿಗೆ ಅಳು ಬಂತು. ವಾರವಿಡೀ ಕಂಪನಿಗೆ ಪ್ರೋಗ್ರಾಂ ಬರೆದು, ಭಾನುವಾರ ಮನೆಯವರೆಲ್ಲ ಕೆಂಡದ ಮೇಲೆ ಮಾಂಸ ಸುಡುತ್ತಿದ್ದಾಗಲೂ ಕೋಣೆ ಬಿಟ್ಟೇಳದೆ ಮಾಡಿದ ಸಂಶೋಧನೆ ಅವಳದು. ಬೇರೆ ಪ್ರೋಗ್ರಾಮುಗಳನ್ನು ಓಡಿಸುವ ಮೊದಲೇ ಓದಿ, ತಪ್ಪು ಎಲ್ಲಿದೆ ಎಂದು ತೋರಿಸುವ ಪ್ರೋಗ್ರಾಂ. ಒಳಗೆ ಎಲ್ಲ ಚೆನ್ನಾಗಿಯೇ ನಡೆದಿತ್ತು, ಪರೀಕ್ಷಕಿ ಬೆಲ್ತ್ರಾಮೋ ಮೇಡಂ ಆ ಪ್ರಶ್ನೆ ಕೇಳುವವರೆಗೆ: ತಪ್ಪೋ ಸರಿಯೋ ತೀರ್ಮಾನಿಸಲಾಗದ ಕಡೆ ಇದು ಏನು ಹೇಳುತ್ತದೆ? ಯಮಿಲಾ ಎಲ್ಲ ಬಲ್ಲವಳಂತೆ ಸುತ್ತಿ ಬಳಸಿ ಏನೇನೋ ಹೇಳಿ ಕೆಟ್ಟಿದ್ದಳು. ಡಿಗ್ರಿ ಕೈಬಿಟ್ಟಿತೆಂದೇ ಅವಳ ಭಯ.

ಬಾಗಿಲು ತೆರೆಯಿತು. "ಒಳಗೆ ಬಾ. ಆ ಪ್ರಶ್ನೆ ಇನ್ನೊಂದ್ಸಲ ಕೇಳ್ಬೇಕು," ಎಂದ ಮೇಡಂ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾರು ಇದು ಮಾಡಿದ್ದು?"

"ನಾನೇ," ಎಂದಳು ಅತ್ತೆ. "ಫೇಲ್ ಮಾಡಿದ್ರೆ ಇವಳ ತಲೆ ನೀವೇ ತೊಳೀಬೇಕು, ನೋಡಿ!"

ಒಳಗಿದ್ದ ಇನ್ನೊಬ್ಬ ಪರೀಕ್ಷಕರು ಕೆಮ್ಮಿ ನಗು ನುಂಗಿದರು. ಮೇಡಂ ನಗಲಿಲ್ಲ. ಅದೇ ಪ್ರಶ್ನೆ ಕೇಳಿದರು. ಲೋಳೆ ಕೆನ್ನೆಗೆ ಇಳಿಯುತ್ತಿರುವಾಗ ಇನ್ನು ಉಳಿಸಿಕೊಳ್ಳುವ ಮಾನವಾದರೂ ಯಾವುದು ಎನ್ನಿಸಿತು ಯಮಿಲಾಳಿಗೆ.

"ಗೊತ್ತಾಗದಿದ್ರೆ 'ನನಗೆ ಗೊತ್ತಿಲ್ಲ, ಇಲ್ಲಿ ಮನುಷ್ಯರೇ ನೋಡ್ಬೇಕು' ಅನ್ನುತ್ತೆ. ಸುಳ್ಳು ಧೈರ್ಯ ಹೇಳಲ್ಲ."

"ಇದನ್ನ ಆಗಲೇ ಯಾಕೆ ಹೇಳಲಿಲ್ಲ?"

"ನಿಮ್ಮೆದುರು 'ಗೊತ್ತಿಲ್ಲ' ಅನ್ನೋ ಮಾತು ಬಾಯಿಗೇ ಬರಲಿಲ್ಲ, ಮೇಡಂ."

"ನಿನ್ನ ಪ್ರೋಗ್ರಾಮಿಗಿರೋ ಧೈರ್ಯ ನಿನಗಿಲ್ವಲ್ಲೇ ಹುಡುಗಿ," ಎಂದು ಮೇಡಂ ಈಗ ನಕ್ಕರು. ಪಕ್ಕದವರತ್ತ ತಿರುಗಿದರು, ಅವರು ತಲೆಯಾಡಿಸಿದರು. ಪಾಸು, ಅದೂ ಅತ್ಯುನ್ನತ ಶ್ರೇಣಿಯಲ್ಲಿ.

ಯಮಿಲಾ ಕುಣಿಯುತ್ತಲೇ ಹೊರಗೆ ಬಂದಳು. ಅತ್ತೆ ಕೇಕೆ ಹಾಕಿ ಚೀಲಕ್ಕೆ ಕೈ ಹಾಕಿದರೆ ಚೀಲ ಖಾಲಿ. ಇವಳು ಫೇಲಾದರೇನು ಗತಿ ಎಂಬ ಗಾಬರಿಯಲ್ಲಿ ಮಾವ ಉಳಿದದ್ದನ್ನೆಲ್ಲ ಕೆಳಗಿನ ಮಹಡಿಯಲ್ಲಿ ಪಾಸಾದ ಹುಡುಗನ ಮನೆಯವರಿಗೆ ಕೊಟ್ಟುಬಿಟ್ಟಿದ್ದ.

"ನಿಮ್ಮ ದಾನಕ್ಕಿಷ್ಟು ಬೆಂಕಿ ಹಾಕ! ಆಗ ಹಾಕಿದ್ದು ಲೆಕ್ಕಕ್ಕಿಲ್ಲ, ಪಾಸಾದವಳನ್ನ ಹಿಂಗೇ ಕರ್ಕೊಂಡು ಹೋಗೋದಾ?"

ಹಿಂದಿನಿಂದ ಬಂದ ಬೆಲ್ತ್ರಾಮೋ ಮೇಡಂ ಕೈಯಲ್ಲಿ ಮಾಟೆ ಸೊಪ್ಪಿನ ಕಷಾಯ ಕುಡಿಯುವ ಸೋರೆ ಬುರುಡೆಯಿತ್ತು. ಕೊನೆಯ ಗುಟುಕು ಹೀರಿ ಮುಗಿಸಿ, ಹೀರುವ ಕೊಳವೆಯನ್ನು ಎತ್ತಿಟ್ಟುಕೊಂಡು, ಬುರುಡೆಯನ್ನು ಯಮಿಲಾಳ ತಲೆಯ ಮೇಲೆ ನಿಧಾನವಾಗಿ ಬೋರಲು ಹಾಕಿದರು. ಬೆಚ್ಚಗಿನ ಹಸಿರು ಸೊಪ್ಪು ಕಿವಿಯ ಪಕ್ಕದಿಂದ ಜಾರಿ ಭುಜದ ಮೇಲೆ ಕೂತಿತು. ಅವಳು ಅದನ್ನು ಕೊಡವಲಿಲ್ಲ.