ಲಿಫ್ಟಣ್ಣನ ಕರೆಂಟು ಕಾರು

ಇಪ್ಪತ್ತಾರು ವರ್ಷ ಊರಿನ ಲಿಫ್ಟುಗಳನ್ನು ರಿಪೇರಿ ಮಾಡಿದವನನ್ನು ಬೀದಿಯವರೆಲ್ಲ ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಅವನ ಹೆಂಡತಿ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು, ಬಿಗಿಯಾದ ಬಟ್ಟೆ ಸಡಿಲ ಮಾಡಿ, ಸಡಿಲವಾದದ್ದು ಬಿಗಿ ಮಾಡಿ ಕೊಡುತ್ತಿದ್ದಳು. ಅವಳಿಗೊಂದು ತೊಂದರೆ. ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಸಾಕು, ಹೊಟ್ಟೆ ತೊಳೆಸುತ್ತಿತ್ತು. ಬಸ್ಸು ಹತ್ತಿದರೆ ಎರಡನೇ ಸ್ಟಾಪಿಗೇ ಇಳಿದು ಮೋರಿಯ ಪಕ್ಕ ಕೂರಬೇಕು. ಮೂರು ಗಂಟೆಯ ದಾರಿಯಲ್ಲಿದ್ದ ಅಕ್ಕನ ಮನೆಗೆ ಹೋಗಿ ಒಂಬತ್ತು ವರ್ಷವಾಗಿತ್ತು.

ಹಲ್ಲಿನ ಡಾಕ್ಟರೊಬ್ಬರು ತಮ್ಮ ಏಳು ವರ್ಷ ಹಳೆಯ ಐಷಾರಾಮಿ ಕರೆಂಟು ಕಾರನ್ನು ಹೊಸದರ ಕಾಲು ಬೆಲೆಗೆ ಮಾರುತ್ತಾರೆಂದು ಗೊತ್ತಾದಾಗ ಲಿಫ್ಟಣ್ಣ ಹೆಂಡತಿಯನ್ನೂ ಕೂರಿಸಿಕೊಂಡು ಒಂದು ಸುತ್ತು ಓಡಿಸಿ ನೋಡಿದ. ಸದ್ದಿಲ್ಲ, ಹೊಗೆಯಿಲ್ಲ. ಮೆತ್ತನೆಯ ಸೀಟಿನಲ್ಲಿ ಅವಳು ಅರ್ಧ ಗಂಟೆ ಕೂತರೂ ಕಿಟಕಿ ಇಳಿಸಿ ಎನ್ನಲಿಲ್ಲ. ಇಳಿದ ಮೇಲೆ ತನಗೇ ನಂಬಿಕೆಯಿಲ್ಲದವಳಂತೆ, "ಏನೂ ಆಗ್ಲಿಲ್ಲ ಕಣ್ರೀ" ಎಂದಳು. ಇಬ್ಬರೂ ಕೂಡಿಟ್ಟದ್ದನ್ನೆಲ್ಲ ಸುರಿದು ಕಾರನ್ನು ಮನೆಗೆ ತಂದರು.

ಮೂರು ವಾರ ಅದು ಹೇಳಿದ ಮಾತು ಕೇಳಿಕೊಂಡು ಓಡಿತು. ಆಮೇಲೆ ಒಂದೊಂದೇ ಶುರುವಾಯಿತು. ಹತ್ತಿರ ಹೋದರೆ ತಾನಾಗಿ ಹೊರಬರಬೇಕಿದ್ದ ಬಾಗಿಲ ಹಿಡಿ ಒಳಗೇ ಕೂತು ಬಿಗುಮಾನ ತೋರಿಸಿತು. ಟೀವಿಯಷ್ಟು ದೊಡ್ಡ ಪರದೆ ನಡುದಾರಿಯಲ್ಲಿ ಕಪ್ಪಾಯಿತು. ಒಂದು ಬೆಳಿಗ್ಗೆ ನೋಡಿದರೆ ಕಾರಿನ ಹಿಂಭಾಗ ಅಡಿಯ ಗಾಳಿಚೀಲ ಇಳಿದು ಎಮ್ಮೆಯಂತೆ ನೆಲಕ್ಕೆ ಕೂತಿತ್ತು. ಹೆಂಡತಿ ಅದಕ್ಕೆ ಮಹಾರಾಣಿ ಎಂದು ಹೆಸರಿಟ್ಟಳು. ತನ್ನ ಮಿಷನ್ ಮೂವತ್ತು ವರ್ಷದಲ್ಲಿ ಒಂದು ದಿನ ರಜ ಕೇಳಿಲ್ಲ, ಈ ಮಹಾರಾಣಿಗೆ ವಾರಕ್ಕೆರಡು ರಜ ಬೇಕು ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಲಿಫ್ಟಣ್ಣನೂ ನಗುತ್ತಲೇ ಇವೆಲ್ಲವನ್ನೂ ಒಂದೊಂದಾಗಿ ಸರಿಮಾಡಿಸಿದ.

ನಗು ನಿಂತದ್ದು ಅಕ್ಕನ ಮನೆಗೆ ಹೊರಟ ದಿನ. ಊರಿನ ಗಡಿ ದಾಟುವ ಮೊದಲೇ ಬ್ಯಾಟರಿಯಲ್ಲಿ ದೋಷವೆಂದು ಪರದೆಯ ಮೇಲೆ ಕೆಂಪಕ್ಷರ ಮೂಡಿತು, ಕಾರು ರಸ್ತೆಯ ಅಂಚಿಗೆ ತೆವಳಿ ನಿಂತುಬಿಟ್ಟಿತು. ಲಾರಿಯ ಮೇಲೆ ಹೇರಿಸಿ ಕಂಪನಿಯ ವರ್ಕ್‌ಶಾಪಿಗೆ ಒಯ್ದರು. ಕಂಪ್ಯೂಟರು ಜೋಡಿಸಿ ನೋಡಿದ ಅಲ್ಲಿನ ಯುವಕ, ಬ್ಯಾಟರಿಯನ್ನು ಪೂರ್ತಿ ಬದಲಿಸಬೇಕು ಎಂದ. ಅದರ ಬೆಲೆ ಇವರು ಕಾರಿಗೆ ಕೊಟ್ಟದ್ದಕ್ಕಿಂತ ಹೆಚ್ಚು. ಒಳಗೆ ಯಾವ ಭಾಗ ಕೆಟ್ಟಿದೆ ಎಂದು ಲಿಫ್ಟಣ್ಣ ಕೇಳಿದ್ದಕ್ಕೆ, ತಾವು ಬಿಚ್ಚಿ ನೋಡುವ ಪದ್ಧತಿ ಇಲ್ಲ ಎಂದು ಉತ್ತರ ಬಂತು. ನಿಂತ ಲಿಫ್ಟನ್ನು ಕಿತ್ತೆಸೆದು ಹೊಸದು ಹಾಕಿ ಎಂದು ಅವನು ಒಂದು ದಿನವೂ ಯಾರಿಗೂ ಹೇಳಿದವನಲ್ಲ. ಆ ಯುವಕನ ಮಾತು ಅವನಿಗೆ ಬೆಲೆಗಿಂತ ಹೆಚ್ಚು ಚುಚ್ಚಿತು.

ಮನೆಯಲ್ಲಿ ಹೆಂಡತಿ ಬೈಯಲಿಲ್ಲ. ಬೆನ್ನು ಹಾಕಿ ಕೂತು ಹೊಲಿಯುತ್ತಲೇ ಇದ್ದಳು. ಬೈದಿದ್ದರೆ ವಾಸಿಯಿತ್ತು ಅನಿಸಿತು ಅವನಿಗೆ.

ಕಾರನ್ನು ಮತ್ತೆ ಲಾರಿಗೆ ಹೇರಿಸಿಕೊಂಡು ವರ್ಕ್‌ಶಾಪಿನಿಂದ ಹೊರಡುವಾಗ ಗೇಟಿನವನು ಒಂದು ಗುಟ್ಟು ಹೇಳಿದ್ದ. ಕಾರಿನ ಮುಂಭಾಗದಲ್ಲಿರುವ ಸಣ್ಣ ಬ್ಯಾಟರಿಯ ತಂತಿ ಬಿಚ್ಚಿ ಮತ್ತೆ ಹಾಕಿದರೆ ಕೆಂಪಕ್ಷರ ಒಂದೆರಡು ದಿನ ಮಾಯವಾಗುತ್ತದೆ, ಅಷ್ಟರಲ್ಲಿ ಮಾರಿ ಕೈತೊಳೆದುಕೊಳ್ಳಿ, ಎಲ್ಲರೂ ಮಾಡುವುದು ಅದನ್ನೇ ಎಂದು. ಲಿಫ್ಟಣ್ಣ ವಾರವಿಡೀ ಅದನ್ನೇ ಮೆಲುಕು ಹಾಕಿದ. ಕೊನೆಗೆ ಕಾರು ಮಾರಾಟಕ್ಕಿದೆ ಎಂದು ಜಾಹೀರಾತು ಕೊಟ್ಟ. ನೋಡಲು ಬರುತ್ತೇನೆಂದು ಒಬ್ಬರು ಫೋನ್ ಮಾಡಿದ ದಿನ, ಹೆಂಡತಿ ಗುಂಡಿ ತರಲು ಅಂಗಡಿಗೆ ಹೋದ ಸಮಯ ನೋಡಿ, ತಂತಿ ಬಿಚ್ಚಿ ಹಾಕಿದ.

ಬಂದವರು ಹೆರಿಗೆ ಮಾಡಿಸುವ ನರ್ಸು. ಸುತ್ತಲ ಹಳ್ಳಿಗಳಿಗೆ ಹೋಗುವುದು ಅವರ ಕೆಲಸ. ಲಿಫ್ಟಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಓಡಿಸಿದರು. ಕಾರು ಬೆಣ್ಣೆಯ ಮೇಲೆ ಜಾರಿದಂತೆ ಹೋಯಿತು. ಅವರ ಮುಖ ಅರಳಿತು.

"ನನಗೆ ಬೇರೇನೂ ಬೇಡ ಅಣ್ಣ," ಎಂದರು ಅವರು. "ಯಾವ ಹೊತ್ತಲ್ಲಿ ಕರೆ ಬರುತ್ತೋ ಗೊತ್ತಿಲ್ಲ. ಕೆಲವು ಸಲ ಬಸುರೀನ ಹಿಂದಿನ ಸೀಟಲ್ಲಿ ಮಲಗಿಸ್ಕೊಂಡು ಆಸ್ಪತ್ರೆಗೆ ಓಡ್ಬೇಕಾಗುತ್ತೆ. ನಡುದಾರೀಲಿ ನಿಲ್ಲಲ್ಲ ತಾನೆ?"

ಕೆಟ್ಟು ನಿಂತ ಲಿಫ್ಟಿನ ಬಾಗಿಲು ತೆರೆದಾಗ ಒಳಗಿಂದ ಕಾಣುವ ಮುಖಗಳನ್ನು ಲಿಫ್ಟಣ್ಣ ನೂರಾರು ಸಲ ನೋಡಿದ್ದ. ಬೆವರಿದ, ಬಿಳಿಚಿದ, ಕೈ ಹಿಡಿದರೆ ಬಿಡದ ಜನ.

"ಸ್ವಲ್ಪ ಪಕ್ಕಕ್ಕೆ ನಿಲ್ಸಿ ಮೇಡಂ," ಎಂದ. ಕಾರು ನಿಂತ ಮೇಲೆ ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡುತ್ತ ಹೇಳಿದ. "ಇದು ನಿಲ್ಲುತ್ತೆ. ಬ್ಯಾಟರಿ ಕೆಟ್ಟಿದೆ. ಗೊತ್ತಾಗ್ದೇ ಇರ್ಲಿ ಅಂತ ಬೆಳಿಗ್ಗೆ ನಾನೇ ತಂತಿ ಬಿಚ್ಚಿ ಹಾಕಿದೀನಿ. ನೀವು ತಗೋಬೇಡಿ."

ನರ್ಸು ಕಾರು ತಿರುಗಿಸಿದರು. ಮನೆ ಮುಂದೆ ಇಳಿದು, ಬಾಗಿಲು ಜೋರಾಗಿಯೇ ಹಾಕಿ, ನಾಲ್ಕು ಹೆಜ್ಜೆ ಹೋದವರು ಮತ್ತೆ ಬಂದರು. ತಮ್ಮ ತಂಗಿ ಇಂಥ ಬ್ಯಾಟರಿಗಳನ್ನು ಬಿಚ್ಚಿ ರಿಪೇರಿ ಮಾಡುತ್ತಾಳೆ ಎಂದು ಹೇಳಿ ಒಂದು ನಂಬರು ಬರೆದುಕೊಟ್ಟರು. "ಅವಳು ಇದ್ದದ್ದು ಇದ್ದ ಹಾಗೆ ಹೇಳ್ತಾಳೆ. ಸಿಹಿಯಾಗಿ ಮಾತ್ರ ಹೇಳಲ್ಲ," ಎಂದರು.

ಲಿಫ್ಟಣ್ಣ ಹೆಂಡತಿಗೆ ಏನನ್ನೂ ಮುಚ್ಚಿಡಲಿಲ್ಲ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅವನ ಕಡೆ ತಿರುಗಿದಳು, ಎಂಟು ದಿನದಲ್ಲಿ ಮೊದಲ ಸಲ. ಹಾಗೆ ಮಾರಿ ಬಂದ ದುಡ್ಡಾಗಿದ್ದರೆ ತಾನು ಮುಟ್ಟುತ್ತಿರಲಿಲ್ಲ ಎಂದಳು. ಆಮೇಲೆ, "ಆ ಹುಡುಗಿ ಹತ್ರ ನಾನೂ ಬರ್ತೀನಿ ನಡೀರಿ" ಎಂದಳು.

ನರ್ಸಿನ ತಂಗಿಯ ಕಾರ್ಖಾನೆ ಎಂದರೆ ಒಂದು ಹಳೆಯ ಗೋದಾಮು. ಮೊಣಕೈವರೆಗೆ ರಬ್ಬರ್ ಗ್ಲೌಸು ಹಾಕಿಕೊಂಡ ಅವಳು ಇಬ್ಬರನ್ನೂ ಹಳದಿ ಗೆರೆಯಾಚೆ ಕೂರಿಸಿ, ಗೆರೆ ದಾಟಿದರೆ ಜೀವಕ್ಕೆ ತಾನು ಹೊಣೆಯಲ್ಲ ಎಂದಳು. ಕಾರನ್ನು ಮೇಲೆತ್ತಿ, ಹಾಸಿಗೆಯಷ್ಟು ಅಗಲದ ಬ್ಯಾಟರಿಯನ್ನು ಇಳಿಸಿ, ಕಾರು ಕಟ್ಟಿದವರನ್ನು ಬೈಯುತ್ತಲೇ ಒಂದೊಂದು ತಿರುಪೂ ಬಿಚ್ಚಿದಳು. ಮಧ್ಯಾಹ್ನದ ಹೊತ್ತಿಗೆ ದೋಷ ಸಿಕ್ಕಿತು. ಏಸಿಯ ನೀರು ಹೊರಹೋಗುವ ಕೊಳವೆಯ ಬಾಯಿ ಸರಿಯಾಗಿ ಬ್ಯಾಟರಿ ಮುಚ್ಚಳದ ಮೂಲೆಯ ಮೇಲೇ ಇತ್ತು. ಏಳು ವರ್ಷ ತೊಟ್ಟಿಕ್ಕಿದ ನೀರಿಗೆ ಮುಚ್ಚಳ ತುಕ್ಕು ಹಿಡಿದು, ಸಾಸಿವೆಯಷ್ಟು ತೂತಾಗಿ, ಒಳಗೆ ಪಸೆ ಇಳಿದಿತ್ತು. ಬ್ಯಾಟರಿಯೊಳಗೆ ಸಾಲಾಗಿ ಜೋಡಿಸಿದ್ದ ಹದಿನಾರು ಪೆಟ್ಟಿಗೆಗಳಲ್ಲಿ ಕೆಟ್ಟದ್ದು ಒಂದೇ.

ಗೆರೆಯಾಚೆಯಿಂದ ಕತ್ತು ಚಾಚಿ ನೋಡುತ್ತಿದ್ದ ಲಿಫ್ಟಣ್ಣನಿಗೆ ಅಳುವೋ ನಗುವೋ ತಿಳಿಯಲಿಲ್ಲ. "ಇಷ್ಟೇನಾ?" ಎಂದ.

"ಇಷ್ಟೇ ಅಂತ ಬೀಗಬೇಡಿ ಅಣ್ಣ," ಎಂದಳು ಅವಳು. ಅಪಘಾತವಾದ ಕಾರೊಂದರಿಂದ ಸರಿಹೊಂದುವ ಪೆಟ್ಟಿಗೆ ಹುಡುಕಬೇಕು, ಕಂಪನಿ ಹೇಳಿದ್ದರ ಎಂಟನೇ ಒಂದು ಪಾಲಾದರೂ ಆಗುತ್ತದೆ, ಒಂದು ವರ್ಷದ ಮಟ್ಟಿಗೆ ಮಾತು ಕೊಡಬಲ್ಲೆ, ಅದರಾಚೆ ಇಲ್ಲ ಎಂದು ಬಿಡಿಸಿ ಹೇಳಿದಳು. ಲಿಫ್ಟಣ್ಣ ಹೆಂಡತಿಯ ಮುಖ ನೋಡಿದ. ಅವಳು, ಒಂದು ವರ್ಷದಲ್ಲಿ ಅಕ್ಕನ ಮನೆಗೆ ಎಷ್ಟು ಸಲ ಹೋಗಬಹುದು ಎಂದಷ್ಟೇ ಕೇಳಿದಳು.

ಪೆಟ್ಟಿಗೆ ಸಿಗಲು ಐದು ವಾರ ಹಿಡಿಯಿತು. ಕಾರು ಬಂದ ಮರುದಿನವೇ ಇಬ್ಬರೂ ಹೊರಟರು. ಅರ್ಧ ದಾರಿಯಲ್ಲಿ ಪರದೆ ಮತ್ತೆ ಕಪ್ಪಾಯಿತು. ಲಿಫ್ಟಣ್ಣ ವೇಗ ಇಳಿಸಿದ. ಆದರೆ ಚಕ್ರಗಳು ಉರುಳುತ್ತಲೇ ಇದ್ದವು. "ಟೀವಿ ನೋಡೋಕೆ ಹೊರಟಿದೀವಾ, ನಡೀರಿ" ಎಂದಳು ಹೆಂಡತಿ. ಗೇಟಿನಲ್ಲಿ ನಿಂತಿದ್ದ ಅಕ್ಕ ಕಾರಿನ ಕಡೆ ನೋಡಲೂ ಇಲ್ಲ. ತಂಗಿಯ ಎರಡೂ ಕೆನ್ನೆ ಹಿಡಿದು, ತಲೆಗೂದಲು ಯಾವಾಗ ಇಷ್ಟು ಬೆಳ್ಳಗಾಯಿತೇ ಎಂದು ಕೇಳಿ ಅಳತೊಡಗಿದಳು.

ಅವರು ಹಿಂದಿರುಗಿದ ವಾರದಲ್ಲೇ ನರ್ಸಿನ ಫೋನು ಬಂತು. ಚಿಕ್ಕದೊಂದು ಹಳೆಯ ಕರೆಂಟು ಕಾರು ನೋಡಿದ್ದೇನೆ, ತಂಗಿ ಊರಲ್ಲಿಲ್ಲ, ಕೊಳ್ಳುವ ಮೊದಲು ನೀವೊಮ್ಮೆ ನೋಡಿಕೊಡಬೇಕು ಎಂದರು. ಲಿಫ್ಟಣ್ಣ ಟಾರ್ಚು ಹಿಡಿದು ಹೋದ. ಮಾರುವವನು ತೋರಿಸಿದ ಹೊಳಪನ್ನೆಲ್ಲ ಬಿಟ್ಟು ನೇರ ಕಾರಿನಡಿ ಅಂಗಾತ ಮಲಗಿ, ನೀರಿನ ಕೊಳವೆ ಎಲ್ಲಿ ಬಾಯಿ ಬಿಡುತ್ತದೆಂದು ಮೊದಲು ಹುಡುಕಿದ. ನೆಲಕ್ಕೇ ಬಿಡುತ್ತಿತ್ತು. ಬೆನ್ನಿನ ಧೂಳು ಕೊಡವಿಕೊಳ್ಳುತ್ತ ಹೊರಬಂದವನು, ಹಿಂದಿನ ಎರಡು ಟೈರು ಸವೆದಿವೆ, ಅದಕ್ಕೆ ಬೆಲೆ ಇಳಿಸಲಿ ಎಂದ.

"ಉಳಿದ ಹಾಗೆ?" ಎಂದರು ನರ್ಸು.

"ಉಳಿದ ಹಾಗೆ ತಗೊಳ್ಳಿ ಮೇಡಂ. ನಾನು ನೋಡಿದಷ್ಟು ಚೆನ್ನಾಗಿದೆ."